ಕೆಂಜುಟ್ಟನ ನಿಜವಾದ ಹೆಸರು

ಕಾರ್ಲ್‌ಬೆಕ್ ಗುಡ್ಡದ ಹೊಟ್ಟೆ ಕೊರೆದು ರೈಲು ದಾಟಿಸುತ್ತೇವೆಂದು ಬಂದ ಕೂಲಿಗಳಲ್ಲಿ ಒಬ್ಬನಿಗೂ ಹೆಸರಿರಲಿಲ್ಲ. ಅಪ್ಪ ಅಮ್ಮ ಇಟ್ಟದ್ದು ಇತ್ತು, ಹೇಳುತ್ತಿರಲಿಲ್ಲ, ಅಷ್ಟೇ. ಹಿಂದಿನ ಊರಿನ ಹೊಡೆದಾಟವೋ, ಪೊಲೀಸರೋ, ಯಾವುದು ಬೆನ್ನು ಹತ್ತೀತೋ ಎಂಬ ಭಯ. ಬೆರಳು ಕಳೆದುಕೊಂಡವನು ಮುಕ್ಕಾಲು, ಕೆಂಪು ಕೂದಲಿನವನು ಕೆಂಜುಟ್ಟ, ಅಲ್ಲಿಗೆ ಮುಗಿಯಿತು. ನಿಜವಾದ ಹೆಸರನ್ನು ಒಬ್ಬಳಿಗೆ ಮಾತ್ರ ಹೇಳಬೇಕು, ಜತೆಯಲ್ಲಿ ಪೊರಕೆ ಹಾರಿದ ಹೆಂಡತಿಗೆ. ಅವರ ಮದುವೆಯೆಂದರೆ ಅಷ್ಟೇ. ಗುಡಿಸಲ ನೆಲದ ಮೇಲೆ ಪೊರಕೆ ಅಡ್ಡ ಇಡುತ್ತಾರೆ, ಗಂಡು ಹೆಣ್ಣು ಕೈ ಹಿಡಿದು ಹಾರುತ್ತಾರೆ, ಉಳಿದವರು ಬಿಯರ್ ಕುಡಿಯುತ್ತಾರೆ.

ಹಾಗೆ ಹಾರಿದವಳು ಹೆಸ್ಟರ್, ಅದೇ ಊರಿನ ಪಾದ್ರಿಯ ಮಗಳು. ಕೂಲಿಗಳ ಮಕ್ಕಳಿಗೆ ಅಕ್ಷರ ಕಲಿಸಲು ಅಪ್ಪನೇ ಕಳಿಸಿದ್ದರು. ಮಕ್ಕಳ ಹಿಂದೆ ಮಂಡಿ ಮಡಚಿ ಕೂತು ಕಲಿಯಲು ಬಂದವನು ಕೆಂಜುಟ್ಟ. ಅಷ್ಟು ದೊಡ್ಡ ಗಂಡಸು ಬಳಪ ಹಿಡಿದು ಬೆವರುವುದನ್ನು ನೋಡಿ ಅವಳಿಗೆ ಮೊದಲು ನಗು ಬಂತು, ಆಮೇಲೆ ನಗು ಬರಲಿಲ್ಲ. ಬೇಸಗೆಯಲ್ಲಿ, ಅವನೂ ಇತರ ಕೂಲಿಗಳೂ ತಂಗಿದ್ದ ಮುದುಕಿ ಡಾರ್ಕಸಳ ಗುಡಿಸಲಲ್ಲಿ ಪೊರಕೆ ಹಾರಿದರು. ಸುರಂಗ ಮುಗಿದ ಮೇಲೆ ಅವನ ಜತೆ ಮುಂದಿನ ಹಳಿಯ ಕೆಲಸಕ್ಕೆ ಹೋಗುವುದು, ಅಲ್ಲಿಯವರೆಗೆ ಅಪ್ಪನ ಮನೆಯಲ್ಲೇ ಬಾಯಿ ಮುಚ್ಚಿಕೊಂಡಿರುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಹೊಟ್ಟೆಯಲ್ಲಿ ಅವನ ಕೂಸು ಮೂಡಿದ್ದರೂ ಅವಳು ಬಾಯಿ ಬಿಟ್ಟಿರಲಿಲ್ಲ.

ಸುರಂಗ ಮುಗಿಯಲಿಲ್ಲ, ಕುಸಿಯಿತು. ಮರದ ಆಸರೆ ಕೊಡದೆ ಮುಂದೆ ಮುಂದೆ ಅಗೆಸಿದ ಗುತ್ತಿಗೆದಾರ ಮಾರನೆಯ ದಿನವೂ ಬಿಸಿ ಬಿಸಿ ತಿಂಡಿ ತಿಂದಿರುತ್ತಾನೆ, ಅವನ ಮನೆ ಹಾಳಾಗ! ಕೆಂಜುಟ್ಟನನ್ನು ಹೊರಗೆ ತೆಗೆದಾಗ ಕೂದಲಿನ ಬಣ್ಣದಿಂದ ಗುರುತು ಹಿಡಿದರು.

ಸಾವಿನ ಗುರುತಾಗಿ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಕೂಲಿಗಳು ಶವಪೆಟ್ಟಿಗೆಯನ್ನು ಚರ್ಚಿನ ಅಂಗಳಕ್ಕೆ ಹೊತ್ತು ತಂದರು. ಪಾದ್ರಿ ಬಾಗಿಲಲ್ಲೇ ತಡೆದರು. ಸತ್ತವನ ಹೆಸರೇನು, ದೀಕ್ಷಾಸ್ನಾನ ಎಲ್ಲಾಯಿತು ಎಂದು ಕೇಳಿದರು. ಆ ಮನುಷ್ಯ ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ದೀಕ್ಷೆ ಇಲ್ಲದವನಿಗೆ ಪ್ರಾರ್ಥನೆ ಇಲ್ಲ, ಅಂಗಳದ ಗೋಡೆಯಾಚೆ ಮಣ್ಣು ಮಾಡಬೇಕು, ನಾಯಿಯನ್ನು ಹೂಳಿದ ಹಾಗೆ. ಕೆಂಜುಟ್ಟ ಎಂಬುದು ಯಾವ ಚರ್ಚಿನಲ್ಲಿ ಇಟ್ಟ ಹೆಸರು ಎಂದರು.

ಉತ್ತರ ಯಾರ ಬಳಿ ಇದೆಯೆಂದು ಆ ಒರಟರಿಗೆಲ್ಲ ಗೊತ್ತಿತ್ತು. ಆದರೂ ಒಬ್ಬನೂ ಅಪ್ಪನ ಹಿಂದೆ ನಿಂತಿದ್ದ ಹೆಸ್ಟರಳ ಕಡೆ ಕಣ್ಣೆತ್ತಲಿಲ್ಲ. ಮುಕ್ಕಾಲು ತನ್ನ ಬೂಟನ್ನೇ ನೋಡುತ್ತ ನಿಂತ. ಅವಳ ಮಾನ ಕಾಪಾಡಲು ತಮ್ಮ ಗೆಳೆಯನನ್ನು ಗೋಡೆಯಾಚೆ ಹೂಳಲೂ ಅವರು ತಯಾರಿದ್ದರು.

ಹೆಸ್ಟರ್ ಶವಪೆಟ್ಟಿಗೆಯ ಪಕ್ಕಕ್ಕೆ ಬಂದು ನಿಂತಳು. ಮಾತಾಡಿದರೆ ಮನೆ ಹೋಯಿತು. ಸುಮ್ಮನಿದ್ದರೆ ಅವನು ಹೋದ, ಸತ್ತ ಮೇಲೂ ಹೋದ.

"ಇವನ ಹೆಸ್ರು ಆಂಬ್ರೋಸ್ ಹೋಲ್ಟ್, ಅಪ್ಪಾ. ವಿದರ್ಲೆ ಚರ್ಚಲ್ಲಿ ದೀಕ್ಷೆ ಆಗಿದೆ" ಎಂದಳು.

ಪಾದ್ರಿ ಹತ್ತಿರ ಬಂದು, ಅವಳು ಚಿಕ್ಕವಳಿದ್ದಾಗ ಜ್ವರ ಬಂದರೆ ಮಾತಾಡಿಸುತ್ತಿದ್ದ ದನಿಯಲ್ಲಿ ಹೇಳಿದರು. "ಗಾಳಿ ಜೋರಾಗಿದೆ ಮಗಳೇ. ನೀನೇನಂದ್ಯೋ ನಂಗೆ ಕೇಳಿಸ್ಲಿಲ್ಲ. ಒಳಗೆ ಹೋಗಿ ಬೆಂಕಿ ಹತ್ರ ಕೂತ್ಕೋ ಹೋಗು."

ಬೈದಿದ್ದರೆ ಸುಲಭವಾಗುತ್ತಿತ್ತು. ಅಪ್ಪ ಬಾಗಿಲು ತೆರೆದಿಟ್ಟು ಬೇಡಿಕೊಳ್ಳುತ್ತಿದ್ದರು, ಅದು ಅವಳಿಗೆ ಅರ್ಥವಾಯಿತು.

"ಕೇಳಿಸ್ಕೊಳ್ಳಿ ಅಪ್ಪಾ. ನಾನು ಇವನ ಜತೆ ಪೊರಕೆ ಹಾರಿದೀನಿ. ಅದಕ್ಕೇ ಗೊತ್ತು."

ಪಾದ್ರಿ ಪ್ರಾರ್ಥನೆಯ ಪುಸ್ತಕ ತೆರೆದರು. ಆಮೇಲೆ ಶವವನ್ನು ಒಳಗೆ ಬಿಟ್ಟುಕೊಂಡು ಪ್ರಾರ್ಥನೆಯನ್ನೆಲ್ಲ ಓದಿದರು, ಒಂದು ಅಕ್ಷರ ನುಂಗಲಿಲ್ಲ. ಆಂಬ್ರೋಸ್ ಹೋಲ್ಟ್ ಎಂದು ಸ್ಪಷ್ಟವಾಗಿ ಹೇಳಿದರು. ಮಣ್ಣು ಹಾಕುವ ಹೊತ್ತಿಗೆ ಸತ್ತವನ ಕಡೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಹೆಸ್ಟರ್ ಮುಂದೆ ಬಂದಳು.

ಅವರು ಅವಳನ್ನು ನೋಡಲಿಲ್ಲ, ಗುಂಡಿ ತೋಡುವವನನ್ನು ನೋಡಿದರು. "ಕಡೆಯವರು ಯಾರೂ ಇಲ್ಲ. ನೀನೇ ಹಾಕಪ್ಪ."

ಹೆಸರನ್ನು ಒಪ್ಪಿಕೊಂಡರು, ಹೆಂಡತಿಯನ್ನು ಒಪ್ಪಲಿಲ್ಲ. ಕತ್ತಲಾಗುವ ಮೊದಲೇ ಕೆಲಸದವಳು ಅಳುತ್ತ ಅವಳ ಬಟ್ಟೆಗಂಟನ್ನು ಹೊರಗಿಟ್ಟು ಹೋದಳು, ಬಾಗಿಲಿಗೆ ಚಿಲಕ ಬಿತ್ತು.

ಗಂಟು ಹೊತ್ತುಕೊಂಡು ಅವಳು ಡಾರ್ಕಸಳ ಗುಡಿಸಲಿಗೆ ಹೋದಳು. ಕೆಂಜುಟ್ಟನ ಮಂಚದ ಮೇಲೆ ಆಗಲೇ ಹೊಸ ಕೂಲಿಯೊಬ್ಬ ಬೂಟು ಬಿಚ್ಚುತ್ತಿದ್ದ. ಇವರ ಅಡುಗೆ ಒಂದೇ ಹಂಡೆಯಲ್ಲಿ. ಪ್ರತಿಯೊಬ್ಬನೂ ಅವನವನ ಮಾಂಸವನ್ನು ಚೀಲದಲ್ಲಿ ಹಾಕಿ, ಉದ್ದ ದಾರ ಕಟ್ಟಿ ಇಳಿಬಿಡುತ್ತಾನೆ, ಸಂಜೆ ಅವನವನ ದಾರ ಎಳೆದುಕೊಳ್ಳುತ್ತಾನೆ. ಎಲ್ಲರೂ ಎಳೆದುಕೊಂಡು ಉಂಡರು. ಒಂದು ದಾರ ಉಳಿಯಿತು.

"ನಿನ್ನೆ ಬೆಳಿಗ್ಗೆ ಅವನೇ ಕಟ್ಟಿ ಬಿಟ್ಟು ಹೋದದ್ದು. ಸತ್ತೋನ ಮಾಂಸ ನಾವ್ಯಾರೂ ಮುಟ್ಟಲ್ಲ ತಾಯಿ, ಅದು ಹೆಂಡ್ತಿಗೆ ಸೇರಿದ್ದು" ಎಂದು ಮುದುಕಿ ದಾರದ ತುದಿಯನ್ನು ಹೆಸ್ಟರಳ ಕೈಗೆ ಕೊಟ್ಟಳು.

ಹೆಸ್ಟರ್ ದಾರ ಎಳೆದಳು. ಎರಡು ಹಗಲು ಒಂದು ರಾತ್ರಿ ಬೆಂದು ಬೆಂದು ಮಾಂಸ ನಾರು ನಾರಾಗಿತ್ತು, ಉಪ್ಪೆಲ್ಲ ಹೋಗಿತ್ತು. ಅವಳು ನೆಲದ ಮೇಲೆ ಕೂತು, ಎಲ್ಲರ ಎದುರಿಗೆ, ಅದನ್ನು ಪೂರ್ತಿ ತಿಂದಳು.