ಬೆರಳು ಬಿದ್ದ ಫೋಟೊಗಳು

ಅಕ್ಕ ಹೋಗಿ ಐದು ತಿಂಗಳಾಗಿತ್ತು. ಆ ಐದು ತಿಂಗಳೂ ತಂಗಿ ಯಾರು ಏನು ಹೇಳಿದರೂ "ಸರಿ" ಎನ್ನುತ್ತಿದ್ದಳು. ಊಟ ಮಾಡು ಎಂದರೆ ಸರಿ, ಮಲಗು ಎಂದರೆ ಸರಿ, ಇಲ್ಲೊಂದು ಸಹಿ ಹಾಕು ಎಂದರೆ ಅದಕ್ಕೂ ಸರಿ. ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ಬಂಧುಗಳು ಗಟ್ಟಿಗಿತ್ತಿ ಎಂದು ಹೊಗಳಿ ತಮ್ಮ ತಮ್ಮ ಮನೆಗೆ ಹೋದರು. ಗಟ್ಟಿಯೂ ಇಲ್ಲ, ಗಿಟ್ಟಿಯೂ ಇಲ್ಲ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ.

ಅಕ್ಕತಂಗಿಯರದು ಹೊಲಿಗೆ ಮೆಷಿನ್ ರಿಪೇರಿ ಅಂಗಡಿ. ಅಂಗಡಿಯೆಂದರೆ ಭಾವನ ಮನೆಯ ಬೀದಿಬದಿಯ ಕೋಣೆ. ಒಂದು ಕಿಟಕಿ, ಒಂದು ಉದ್ದನೆಯ ಮೇಜು, ಎಣ್ಣೆಯ ವಾಸನೆ. ಬಿಚ್ಚಿ ಜೋಡಿಸುವುದೆಲ್ಲ ತಂಗಿಯ ಕೈ, ಮಾತೆಲ್ಲ ಅಕ್ಕನ ಬಾಯಿ. ಅಕ್ಕನಿಗೊಂದು ಪದ್ಧತಿಯಿತ್ತು. ಕೆಟ್ಟ ಮೆಷಿನ್ ಬಂದರೆ ಅದರ ಒಂದು ಸ್ಕ್ರೂ ಮುಟ್ಟುವುದಕ್ಕೂ ಮೊದಲು ಅಂಗೈಯಗಲದ ಬಟ್ಟೆ ತೆಗೆದುಕೊಂಡು, ಆ ಮೆಷಿನ್‌ನಲ್ಲೇ ನಾಲ್ಕು ಬೆರಳುದ್ದ ಹೊಲಿಯುತ್ತಿದ್ದಳು. ಆಮೇಲೆ ತಂದವರು ಹೇಳಿದ ದೂರನ್ನು ಅವರ ಮಾತಿನಲ್ಲೇ ಚೀಟಿಯಲ್ಲಿ ಬರೆದು ಬಟ್ಟೆಗೆ ಪಿನ್ ಹಾಕುತ್ತಿದ್ದಳು. "ಗೊರಕೆ ಹೊಡೆಯುತ್ತೆ." "ಕೆಳಗಡೆ ದಾರ ಗೂಡು ಕಟ್ಟುತ್ತೆ." "ನನ್ನ ಕೈಲಿ ಹೊಲಿಯುತ್ತೆ, ಸೊಸೆ ಕೈಲಿ ಹೊಲಿಯಲ್ಲ." ಈ ಕೊನೆಯದರಲ್ಲಿ ತಪ್ಪು ಮೆಷಿನ್‌ದೂ ಅಲ್ಲ, ಸೊಸೆಯದೂ ಅಲ್ಲ, ಕುರ್ಚಿಯ ಎತ್ತರದ್ದು.

ಆ ತುಂಡನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಫೋಟೊ ತೆಗೆದು, ಕೆಳಗೆ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಅಂಗಡಿಯ ವೆಬ್‌ಸೈಟಿಗೆ ಹಾಕುತ್ತಿದ್ದಳು. ಫೋಟೊ ತೆಗೆಯುವುದರಲ್ಲಿ ಅಕ್ಕನದು ಎತ್ತಿದ ಕೈಯೇನಲ್ಲ. ಪ್ರತಿಯೊಂದರಲ್ಲೂ ಅವಳ ಹೆಬ್ಬೆರಳು ಬಿದ್ದಿರುತ್ತಿತ್ತು. ಯಾವತ್ತೋ ಸೂಜಿ ತೂರಿ ಆ ಬೆರಳಿನ ಉಗುರು ನಡುವೆ ಸೀಳಿತ್ತು, ಮತ್ತೆ ಕೂಡಿರಲಿಲ್ಲ.

ಭಾವ ಕೆಟ್ಟವರಲ್ಲ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಳ್ಳುವ ಕೆಲಸ ಅವರದು. ಅಂಕಿ ಕಂಡರೆ ಮಾತ್ರ ನಂಬುವ ಜಾತಿ. ಅಕ್ಕ ಹೋದ ಮೇಲೆ ಆರು ವಾರ ಬಾಗಿಲು ಮುಚ್ಚಿದ್ದ ಅಂಗಡಿ ಮತ್ತೆ ತೆರೆದಾಗ ಫೋನು ಬಾಯಿ ಬಿಡಲಿಲ್ಲ.

"ಔಷಧಿ ಅಂಗಡಿಯವನು ಈ ಕೋಣೆ ಕೇಳ್ತಿದಾನೆ," ಎಂದರು ಭಾವ. "ಮೂರು ತಿಂಗಳು ನೋಡೋಣ. ರಿಪೇರಿಗೆ ಜನ ಬಂದ್ರೆ ಸರಿ, ಇಲ್ಲಾಂದ್ರೆ ನೀನು ಗಾರ್ಮೆಂಟ್ಸ್‌ಗೆ ಸೇರ್ಕೋ. ಅಲ್ಲೂ ಮೆಷಿನ್ ನೋಡೋರು ಬೇಕಂತೆ."

"ಸರಿ," ಎಂದಳು. ಈ ಕೋಣೆಯೂ ಹೋದರೆ ಅಕ್ಕ ಪೂರ್ತಿ ಹೋದಂತೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಎದೆಯೊಳಗೆ ಏನೂ ಅಲುಗಲಿಲ್ಲ.

ಭಾವನೇ ಒಬ್ಬ ವೆಬ್‌ಸೈಟಿನವನನ್ನು ಕರೆತಂದರು. ಅವನು ಅಕ್ಕನ ಫೋಟೊಗಳನ್ನು ನೋಡಿ ಮುಖ ಕಿವುಚಿದ.

"ಏನ್ ಮೇಡಂ ಇದು, ಬರೀ ಕೆಟ್ಟ ಹೊಲಿಗೆ. ಎಲ್ಲದ್ರಲ್ಲೂ ಬೆರಳು ಬೇರೆ ಬಿದ್ದಿದೆ. ತೆಗೆದುಬಿಡ್ಲಾ?"

"ಸರಿ."

ಆ ಜಾಗಕ್ಕೆ ಅವನು ಮಕ್ಕಳ ಫ್ರಾಕಿನ ನೂರು ಡಿಸೈನು ಸುರಿದ. ತಿಂಗಳೊಪ್ಪತ್ತಿನಲ್ಲಿ ಒಂಬತ್ತು ಸಾವಿರ ಜನ ಬಂದು ನೋಡಿದರು. ಅವನು ದಿನಾ ಕಳಿಸುವ ಅಂಕಿಯನ್ನು ಭಾವ ಹಲ್ಲುಜ್ಜುತ್ತಲೇ ಓದಿ ಹಿಗ್ಗುತ್ತಿದ್ದರು. ಫೋನೂ ಬಡಿದುಕೊಳ್ಳತೊಡಗಿತು. ಮೂರು ವರ್ಷದ ಮಗುವಿಗೆ ಎಷ್ಟು ಬಟ್ಟೆ ಬೇಕು? ಗುಲಾಬಿ ಬಣ್ಣದ್ದು ಹೊಲಿದುಕೊಡುತ್ತೀರಾ? ಒಬ್ಬಾಕೆಯಂತೂ ಫೋಟೊದಲ್ಲಿರುವ ಮಗು ಯಾರದೆಂದು ಕಾಲು ಗಂಟೆ ತಲೆ ತಿಂದಳು. ತಂಗಿ ಎಲ್ಲರಿಗೂ ಒಂದೇ ದನಿಯಲ್ಲಿ ಉತ್ತರ ಕೊಟ್ಟಳು. ಕೆಟ್ಟುಹೋದ ಮೆಷಿನ್ ಮಾತ್ರ ಒಂದೂ ಬರಲಿಲ್ಲ.

ಮೂರನೆಯ ತಿಂಗಳಲ್ಲಿ, ವರ್ಷಕ್ಕೊಮ್ಮೆ ಮೆಷಿನ್‌ಗೆ ಎಣ್ಣೆ ಹಾಕಿಸುವ ಹಳೆಯ ಗಿರಾಕಿ ದರ್ಜಿಯೊಬ್ಬ ಬಂದ.

"ನನ್ನ ಬಟ್ಟೆ ತುಂಡು ಎಲ್ಲಿ ಹೋಯ್ತಮ್ಮಾ?" ಎಂದು ಕೇಳಿದ. "ನಮ್ಮ ಷಡ್ಕನ ಮೆಷಿನ್‌ಗೂ ಅದೇ ರೋಗ. ತೋರಿಸೋಣ ಅಂತ ನಿಮ್ಮ ಸೈಟ್ ತೆಗೆದ್ರೆ ಬರೀ ಫ್ರಾಕು."

"ತೆಗೆಸಿದೆ. ಚೆನ್ನಾಗಿ ಕಾಣಲ್ಲ ಅಂದ್ರು."

"ಚೆನ್ನಾಗಿ ಕಾಣೋಕೆ ಅದೇನು ಹೆಣ್ಣು ತೋರಿಸೋ ಶಾಸ್ತ್ರನಾ? ಮೆಷಿನ್ ಕೆಟ್ಟು ಕೂತೋಳು ತನ್ನ ಕೆಟ್ಟ ಹೊಲಿಗೆ ಎಲ್ಲಿದೆ ಅಂತ ಹುಡುಕ್ತಾಳೆ. ನಿಮ್ಮಕ್ಕಂಗೆ ಅದು ಗೊತ್ತಿತ್ತು."

ಅವನು ಹೋದ ಮೇಲೆ ತಂಗಿ ಮೇಜಿನ ಕೆಳಗಿನ ಡಬ್ಬ ಎಳೆದಳು. ತುಂಡುಗಳೆಲ್ಲ ಚೀಟಿ ಸಮೇತ ಇದ್ದವು. ಒಂದೊಂದಾಗಿ ತಿರುವಿ ಹಾಕಿ, ವೆಬ್‌ಸೈಟಿನವನಿಗೆ ಫೋನು ಮಾಡಿದಳು. ಫ್ರಾಕು ತೆಗೆಯಬೇಕು, ಹಳೆಯ ಫೋಟೊ ಹಾಗೆಯೇ ವಾಪಸ್ ಹಾಕಬೇಕು.

"ಒಂಬತ್ತು ಸಾವಿರ ಇರೋದು ನಲವತ್ತಾಗುತ್ತೆ ಮೇಡಂ, ಆಮೇಲೆ ನನ್ನ ಕೇಳ್ಬೇಡಿ."

"ಆಗ್ಲಿ," ಎಂದಳು. ಐದು ತಿಂಗಳಲ್ಲಿ ಅವಳ ಬಾಯಿಂದ ಸರಿ ಬಿಟ್ಟು ಬೇರೊಂದು ತೀರ್ಮಾನ ಬಂದಿದ್ದು ಅದೇ ಮೊದಲು.

ನಲವತ್ತೂ ಆಗಲಿಲ್ಲ, ಮೂವತ್ತೆಂಟಾಯಿತು. ಭಾವನ ಮುಖ ಊದಿಕೊಂಡಿತು. "ಕೈಗೆ ಬಂದಿದ್ದನ್ನ ನೀನೇ ಒದ್ದೆ," ಎಂದರು. "ಸೋಮವಾರ ಔಷಧಿಯವನು ಬರ್ತಾನೆ."

ಸೋಮವಾರ ಬೆಳಿಗ್ಗೆ ಭಾವ ಟೇಪು ಹಿಡಿದು, ಔಷಧಿಯ ಕಪಾಟಿಗೆ ಗೋಡೆ ಅಳೆಯುತ್ತಿದ್ದರು. ತಂಗಿ ಸ್ಕ್ರೂಡ್ರೈವರ್‌ಗಳನ್ನು ಅಳತೆಯ ಪ್ರಕಾರ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಆಗ ಒಬ್ಬ ಹೆಂಗಸು ದೊಡ್ಡ ಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಏದುಸಿರು ಬಿಡುತ್ತ ಒಳಗೆ ಬಂದಳು.

"ಕೆಟ್ಟ ಹೊಲಿಗೆ ಫೋಟೊ ಹಾಕಿರೋ ಅಂಗಡಿ ಇದೇನಾ? ಎರಡು ಬಸ್ಸು ಬದಲಾಯಿಸಿ ಬಂದೆ. ಮೂರು ಕಡೆ ತೋರಿಸಿದೆ, ಮೂರೂ ಕಡೆ ಇದನ್ನ ಬಿಸಾಕಿ ಹೊಸದು ತಗೊಳ್ಳಿ ಅಂದ್ರು."

ಚೀಲದಿಂದ ಮೆಷಿನ್ ತೆಗೆದಿಟ್ಟು, ತಾನು ಹೊಲಿದಿದ್ದ ತುಂಡೊಂದನ್ನು ಹರಡಿದಳು. ವೆಬ್‌ಸೈಟಿನ ಫೋಟೊವೊಂದನ್ನು ತೆರೆದು ತನ್ನ ಫೋನನ್ನು ಪಕ್ಕಕ್ಕಿಟ್ಟಳು. ಎರಡೂ ಹೊಲಿಗೆ ಅವಳಿಜವಳಿ.

"ನಾಲ್ಕು ಹೊಲಿಗೆ ಹಾಕಿ ಒಂದು ನುಂಗುತ್ತೆ ಅಂತ ಬರೆದಿದೀರಲ್ಲ, ಮನೇಲಿ ನಾನೂ ಇದೇ ಮಾತು ಹೇಳಿ ಹೇಳಿ ಸಾಕಾಗಿದ್ದೆ. ಓದಿದ ತಕ್ಷಣ, ಇವರಿಗೆ ಗೊತ್ತು ಅನ್ನಿಸ್ತು." ಹೆಂಗಸು ಫೋಟೊ ದೊಡ್ಡದು ಮಾಡಿ, ಸೀಳಿದ ಉಗುರು ಕಂಡು, ತಂಗಿಯ ಕೈಯತ್ತ ನೋಡಿದಳು. "ಇದನ್ನ ಹಿಡಿದಿರೋದು ನೀವೇನಾ?"

"ಅಲ್ಲ. ನಮ್ಮಕ್ಕ." ಸುತ್ತಿದ್ದ ಸ್ಕ್ರೂಡ್ರೈವರ್‌ಗಳನ್ನು ಪಕ್ಕಕ್ಕಿಟ್ಟು ಹೇಳಿದಳು, "ಸತ್ತುಹೋದ್ಲು."

ಈ ಮಾತನ್ನು ಅವಳು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಅವಳಿಗೇ ಹೇಳಿದ್ದರು. ಬೆರಳ ತುದಿಗಳು ತಣ್ಣಗಾದವು, ತಣ್ಣಗಾದದ್ದು ಐದು ತಿಂಗಳ ಮೇಲೆ ಅವಳ ಅರಿವಿಗೂ ಬಂತು.

ಹಿಂದಿನಿಂದ ಟೇಪು ಟರ್ರೆಂದು ಸುತ್ತಿಕೊಂಡಿತು. ಭಾವ ಇಬ್ಬರ ನಡುವೆ ತಲೆ ತೂರಿಸಿ ಫೋನು ನೋಡುತ್ತಿದ್ದರು. ದಿನಾ ಅಂಕಿ ಓದಿದ ಮನುಷ್ಯ ಆ ವೆಬ್‌ಸೈಟನ್ನು ಒಂದು ದಿನವೂ ತೆರೆದಿರಲಿಲ್ಲ.

"ಇಂಥವು ಎಷ್ಟಿವೆ?"

"ಅರವತ್ತಮೂರು."

"ಎಲ್ಲದ್ರಲ್ಲೂ ಬೆರಳು..."

"ಎಲ್ಲದ್ರಲ್ಲೂ ಇದೆ ಭಾವ."

ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಹೆಂಗಸಿಗೆ ಏನು ತಿಳಿಯಿತೋ, ಸೆರಗಿನಿಂದ ಮೆಷಿನ್‌ನ ಧೂಳು ಒರೆಸುತ್ತ ನಿಂತಳು.

ತಂಗಿ ಒಂದು ಅಂಗೈಯಗಲದ ಬಟ್ಟೆ ಹುಡುಕಿದಳು. ಆ ಮೆಷಿನ್‌ನಲ್ಲೇ ನಾಲ್ಕು ಬೆರಳುದ್ದ ಹೊಲಿದಳು. ದಾರ ಹಿಡಿಯುವ ಶಟಲ್‌ನ ಮೊನೆ ಸವೆದಿದೆ ಎಂದು ಕಿವಿಗೇ ತಿಳಿಯಿತು. ಚೀಟಿ ಬರೆದು ಪಿನ್ ಹಾಕಿ, ಎಡಗೈಯಲ್ಲಿ ಕಿಟಕಿಯ ಬೆಳಕಿಗೆ ಹಿಡಿದು, ಬಲಗೈಯಲ್ಲಿ ತನ್ನ ಫೋನಿಗೆ ತಡಕಾಡಿದಳು. ಅದಾಗಲೇ ಭಾವನ ಕೈಯಲ್ಲಿತ್ತು.

ಅವರು ಗುರಿಯಿಟ್ಟರು. ಅವಳು ಹೆಬ್ಬೆರಳನ್ನು ಬಟ್ಟೆಯ ಅಂಚಿಗೆ ಸರಿಸಿಕೊಂಡಳು.

"ಯಾಕೆ ಸರಿಸ್ತೀಯ? ಬೆರಳು ಇರ್ಲಿ," ಎಂದರು ಭಾವ. ಮೊದಲನೆಯ ಫೋಟೊ ಕೆಟ್ಟುಹೋಯಿತು. ಇನ್ನೊಮ್ಮೆ ಎತ್ತಿ ಹಿಡಿಯುವಷ್ಟರಲ್ಲಿ ಬಾಗಿಲಲ್ಲಿ ಔಷಧಿ ಅಂಗಡಿಯವನು ನಿಂತು ಕೆಮ್ಮಿದ.

ಭಾವ ತಿರುಗಿ ನೋಡಲಿಲ್ಲ.

"ಕೋಣೆ ಖಾಲಿ ಇಲ್ಲ ಸ್ವಾಮಿ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ ಬರ್ತಿದೀರ."