ಹೆಸರು ಹಿಡಿದು ಕರೆದರೆ

ಸುಣ್ಣದ ವಾಸನೆ, ಹಸಿ ಸುಣ್ಣದ ವಾಸನೆ, ನಿನ್ನೆ ಸಂಜೆ ಬಳಿದದ್ದು ಇನ್ನೂ ಆರಿಲ್ಲ, ಸೆರಗಿಗೆ ಹತ್ತಿತು, ಹತ್ತಲಿ ಬಿಡು, ಈಸ್ಟರ್ ನಸುಕಿನಲ್ಲಿ ಯಾರ ಸೆರಗಿಗೆ ಸುಣ್ಣ ಹತ್ತಿರುವುದಿಲ್ಲ, ಎಲ್ಲರೂ ತಮ್ಮ ತಮ್ಮವರ ಸಮಾಧಿ ಬೆಳ್ಳಗೆ ಮಾಡಿ, ಮೇಣಬತ್ತಿ ಹಚ್ಚಿ ನಿಂತಿದ್ದಾರೆ, ನಾನೂ ನಿಂತಿದ್ದೇನೆ, ನನ್ನ ಮುಂದೆ ಮಾತ್ರ ಸಮಾಧಿಯಿಲ್ಲ, ಬೇಲಿಯ ಹತ್ತಿರ ಒಂದು ಕಲ್ಲು, ಕಲ್ಲಿನ ಮೇಲೆ ಅವರ ಚಪ್ಪಲಿ, ಊರ ಕಡೆ ಮುಖ ಮಾಡಿ ಇಟ್ಟಿದ್ದೇನೆ, ಅಷ್ಟೇ. ಪಾಸ್ಟರ್ ಅಯ್ನೋರು ಒಂದೊಂದೇ ಸಮಾಧಿಯ ಮುಂದೆ ನಿಂತು ಸತ್ತವರನ್ನು ಹೆಸರು ಹಿಡಿದು ಕರೆಯುತ್ತಾರೆ, ಮನೆಯವರು ಉತ್ತರ ಕೊಡುತ್ತಾರೆ, ನಮ್ಮ ಸಭೆಯ ಪದ್ಧತಿ — ಮಲ್ಲಿಕಮ್ಮ, ಏಳ್ತಾಳ್ರಿ, ಮರಿಲಿಂಗಪ್ಪ, ಏಳ್ತಾನ್ರಿ — ಎಷ್ಟು ಸಲೀಸಾಗಿ ಅನ್ನುತ್ತಾರೆ, ಆ ಒಂದು ಮಾತು ಅನ್ನಲು ನಾನು ಎಷ್ಟು ಈಸ್ಟರ್ ಕಾದೆ, ನನ್ನ ಗಂಡನ ಹೆಸರು ಇಲ್ಲಿ ಯಾರೂ ಕರೆದಿಲ್ಲ. ಚರ್ಚಿನ ಹಿರಿಯ ಅಮರಪ್ಪ ಆವತ್ತೇ ಹೇಳಿಬಿಟ್ಟ, ತಾನಾಗೇ ಕೆನಾಲಿಗೆ ಬಿದ್ದಾವನ ಹೆಸರು ಇಲ್ಲಿ ಕರಿಯಂಗಿಲ್ಲ ಲಾಲಮ್ಮ, ಅವನ್ನ ಸೈತಾನ ಒಯ್ದಾನ. ಸೈತಾನ ಸೋತಾನ, ಸಾವಿನ ಸೊಂಟ ಮುರದೈತಿ, ಕ್ರಿಸ್ತ ಗೆದ್ದಾನ ಅಂತ ಪ್ರತಿ ವರ್ಷ ಇದೇ ಜಾಗದಲ್ಲಿ ಕೂಗುವವನೂ ಅವನೇ, ಸೋತವನು ನನ್ನ ಗಂಡನನ್ನು ಹೇಗೆ ಒಯ್ದ ಅಮರಪ್ಪಣ್ಣ, ಕೇಳಬೇಕಿತ್ತು, ಕೇಳಲಿಲ್ಲ. ಅವರು ಬಿದ್ದು ಸಾಯಲು ಹೋದವರಲ್ಲ. ಕೆಂಭಾವಿ ಕಡೆಗೆ ಕಾಲುವೆ ಬಂದು, ಜೋಳದ ಹೊಲವೆಲ್ಲ ಭತ್ತದ ಗದ್ದೆಯಾಗಿ, ನಾವಿಬ್ಬರೂ ಊರವರ ನಾಟಿಗೆ ಹೋಗುತ್ತಿದ್ದ ಕಾಲ, ನೀರು ದಂಡೆಗೆ ಸಮ ಹರಿಯುತ್ತಿತ್ತು, ಕೆಸರು ತೊಳಕೊಂಡು ಬರ್ತೀನಿ, ನೀ ರೊಟ್ಟಿ ಬಡಿಯಾಕ ಹತ್ತು, ಬಂದೆ, ಅಂದರು, ಬಂದೆ ಅಂದರು, ರೊಟ್ಟಿ ಆರಿತು, ನಾನು ಓಡಿದೆ, ಕಾಲುವೆಯ ಮೆಟ್ಟಿಲ ಮೇಲೆ ಚಪ್ಪಲಿ, ಮನೆಯ ಕಡೆ ಮುಖ. ಚರ್ಚಿನ ಬಾಗಿಲಲ್ಲೂ ಹಾಗೇ, ಬೀಗರ ಮನೆಯಲ್ಲೂ ಹಾಗೇ, ಬಿಟ್ಟ ಚಪ್ಪಲಿಯನ್ನು ಬಗ್ಗಿ ತಿರುಗಿಸಿಟ್ಟೇ ಒಳಗೆ ಹೋಗುವವರು, ಹೊರಗ ಬಂದ ಕೂಡ್ಲೆ ಕಾಲಾಗ ಸಿಗ್ತಾವ ನೋಡು ಅನ್ನುವರು, ನಾನು ನಗುತ್ತಿದ್ದೆ, ಸಾಯಲು ಹೋಗುವವನು ಚಪ್ಪಲಿ ತಿರುಗಿಸಿಡುತ್ತಾನೇನು, ಜಾರಿದರು, ಪಾಚಿಯ ಮೆಟ್ಟಿಲು, ಜಾರಿದರು, ಇದನ್ನು ಎಷ್ಟು ಜನರ ಮುಂದೆ ಹೇಳಿದೆ, ಹೆಂಗಸಿನ ಮಾತು, ಚಪ್ಪಲಿಯ ಸಾಕ್ಷಿ, ಯಾರು ಕೇಳುತ್ತಾರೆ.

ಬೇಸಿಗೆಗೆ ನೀರು ನಿಲ್ಲಿಸುತ್ತಾರೆ, ಈ ಹಬ್ಬದ ಆಜೂಬಾಜಿಗೇ ಕಾಲುವೆ ಬತ್ತುತ್ತದೆ, ಅವರ ಹೆಣ ಸಿಕ್ಕಲೇ ಇಲ್ಲ, ಪ್ರತಿ ವರ್ಷ ಅದರೊಳಗೆ ಇಳಿದು ನಡೆಯುತ್ತೇನೆ, ಹರಿದ ಟಯರು, ಒಡೆದ ಕೊಡ, ಬಿರಿದ ಕೆಸರು, ಒಂದು ಎಲುಬಾದರೂ ಸಿಕ್ಕರೆ ಮಣ್ಣು ಕೊಡಬಹುದಿತ್ತು, ಸಿಗುವುದಿಲ್ಲ, ಕರ್ತನ ಸಮಾಧಿಗೆ ಸುಗಂಧ ಹೊತ್ತು ಹೋದ ಹೆಂಗಸರಿಗೂ ಏನೂ ಸಿಗಲಿಲ್ಲವಂತೆ, ಖಾಲಿ ಇದ್ದದ್ದೇ ಒಳ್ಳೆಯ ಸುದ್ದಿಯಂತೆ, ಆತ ಎದ್ದಿದ್ದನಂತೆ, ನನಗೂ ಹಾಗೆ ಅನ್ನಿಸಲಿ ತಂದೆ, ನನಗೂ ಒಂದು ಸಲ ಅನ್ನಿಸಲಿ. ಆದರೆ ಆ ಹೆಂಗಸರಲ್ಲಿ ಒಬ್ಬಳನ್ನು ಆತ ಹೆಸರು ಹಿಡಿದು ಕರೆದ, ಸತ್ತು ನಾತ ಹಿಡಿದವನನ್ನೂ ಹೆಸರು ಹಿಡಿದೇ ಕರೆದ, ಸತ್ತವನು ಎದ್ದು ಬಂದ, ನಾನು ದಂಡೆಯ ಮೇಲೆ ಏನು ಕೂಗಿದೆ, ಏನ್ರಿ, ಏನ್ರಿ, ಎಲ್ಲದೀರಿ, ಏನ್ರಿ ಅಂದರೆ ಯಾರು ಏಳಬೇಕು, ಅದು ಯಾರ ಹೆಸರು, ಗಂಡನ ಹೆಸರು ಬಾಯಾಗ ಬರಬಾರದು ಅಂತ ಅವ್ವ ಕಲಿಸಿದ್ದು, ಮದುವೆಯ ದಿನ ಚರ್ಚಿನಲ್ಲೂ ಅಯ್ನೋರೇ ಹೆಸರು ಹೇಳಿದ್ದು, ನಾನು ಹೂಂ ಅಂದದ್ದು, ಮನಸ್ಸಿನೊಳಗೆ ಕೂಡ ಹೆಸರಿಲ್ಲ, ಅವರು, ಅವರು ಅಷ್ಟೇ. ಅಗೋ, ಮೇಣಬತ್ತಿಗಳು ಈ ಕಡೆ ಬಂದವು, ಈ ವರ್ಷ ಸೈದಾಪುರದಿಂದ ಬಂದ ಹೊಸ ಅಯ್ನೋರು, ಹಿಂದೆ ಅಮರಪ್ಪ, ಮುಗೀತ್ರಿ ಅಯ್ನೋರ, ಅಲ್ಲೇನಿಲ್ಲ, ನಡೀರಿ. ಅಯ್ನೋರು ನಡೆಯಲಿಲ್ಲ. ಬಗ್ಗಿ ನೋಡಿದರು. ಯಾರ ಚಪ್ಪಲಿ ಇವು ಅವ್ವಾ. ನಮ್ಮ ಮನಿಯವರ್ದುರಿ, ಕೆನಾಲಿನಾಗ ಹೋದ್ರು. ಹೆಸರು ಹೇಳ್ರಿ, ಕರೀತೀನಿ. ಇಷ್ಟೂ ಜನಕ್ಕೆ ಹೆಸರು ಗೊತ್ತು, ಎಲ್ಲರೂ ನೆಲ ನೋಡುತ್ತಾರೆ, ಅಮರಪ್ಪನೂ ನೆಲ ನೋಡುತ್ತಾನೆ, ನನ್ನ ಹಡೆದವ್ವಾ ತಪ್ಪು ತಿಳಿಯಬೇಡ, ಅಂಬ್ರಪ್ಪ, ಅಂದೆ, ಅಂಬ್ರಪ್ಪ, ಅವರದು ಎಷ್ಟು ಸಣ್ಣ ಹೆಸರು, ಇಷ್ಟು ದಿನ ಎಲ್ಲಿತ್ತು, ಅಂಬ್ರಪ್ಪ ಅಂತ ಅಯ್ನೋರೂ ದೊಡ್ಡ ದನಿಯಲ್ಲಿ ಕರೆದರು, ಕಾಲುವೆಯ ತನಕ ಕೇಳಿಸುವ ಹಾಗೆ ಕರೆದರು, ಈಗ ನಾನು ಅನ್ನಬೇಕು, ಏಳ್ತಾರ್ರಿ ಅನ್ನಬೇಕು, ಎಲ್ಲರೂ ಕಾಯುತ್ತಿದ್ದಾರೆ, ಬೆಳಕು ಹರಿಯುತ್ತಿದೆ, ಬಂದೆ ಅಂದಿದ್ದರು, ಚಪ್ಪಲಿ, ಬಂದೆ ಅಂದಿದ್ದರು, ಚಪ್ಪಲಿ, ಮನೆಯ ಕಡೆ ಮುಖ