ಎರಡು ಜಂಪರ್ ಪೀಸು

ಬಲಗಣ್ಣು ಹೋದದ್ದಕ್ಕಿಂತ ಅಂದಾಜು ಹೋದದ್ದೇ ಕಲ್ಮೇಶನಿಗೆ ದೊಡ್ಡ ಪೆಟ್ಟಾಗಿತ್ತು. ಅಮೆರಿಕದ ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲಿ ಕೂದಲೆಳೆಯ ಲೆಕ್ಕ ಹಾಕುವ ಎಂಜಿನಿಯರು ಮನೆಯಲ್ಲಿ ಚಹಾವನ್ನು ಕಪ್ಪಿನ ಆಚೆ ಸುರಿಯುತ್ತಿದ್ದ. ರಕ್ತನಾಳ ಕಟ್ಟಿಕೊಂಡು ಹೋದ ದೃಷ್ಟಿ ಮರಳುವುದಿಲ್ಲವೆಂದು ಡಾಕ್ಟರು ಫೆಬ್ರವರಿಯಲ್ಲೇ ಹೇಳಿಬಿಟ್ಟಿದ್ದರು.

ಹನ್ನೆರಡು ವರ್ಷಗಳಿಂದ ಪ್ರತಿ ಅಕ್ಟೋಬರಿನಲ್ಲಿ ಜಿಂಕೆ ಬೇಟೆಗೆ ಹೋಗುತ್ತಿದ್ದವನು. ಬೇಸಿಗೆಯಿಡೀ ಹಠ ಹಿಡಿದು, ಬಂದೂಕಿನಂತೆ ಹೆಗಲಿಗೊತ್ತಿ ಬಾಣ ಬಿಡುವ ಕ್ರಾಸ್‌ಬೋವನ್ನು ಎಡಹೆಗಲಿಗೆ ಒಗ್ಗಿಸಿಕೊಂಡ. ಗುರಿಯೇನೋ ಕೂತಿತು, ಆದರೆ ಇಪ್ಪತ್ತು ಗಜವೂ ನಲವತ್ತು ಗಜವೂ ಒಂದೇ ಗೋಡೆಗೆ ಅಂಟಿಸಿದಂತೆ ಕಾಣುತ್ತಿತ್ತು. ದೂರ ಅಳೆಯುವ ಯಂತ್ರ ಎತ್ತಿ ಹಿಡಿಯುವಷ್ಟರಲ್ಲಿ ಜಿಂಕೆ ನಾಪತ್ತೆ. ಅಂದಾಜು ತಪ್ಪಿ ಬಾಣ ಹೊಟ್ಟೆಗೆ ಬಿದ್ದರೆ ಆ ಜೀವ ನರಳಿ ನರಳಿ ಸಾಯುತ್ತದೆ ಎಂಬುದೇ ಅವನ ಭಯ. ಈ ಭಾನುವಾರ ಆಗದಿದ್ದರೆ ಕ್ರಾಸ್‌ಬೋವನ್ನು ಗೆಳೆಯ ಕೇಶವ್‌ಗೆ ಕೊಟ್ಟು ಕೈತೊಳೆದುಕೊಳ್ಳುವುದಾಗಿ ಹೆಂಡತಿ ಭಾನುಪ್ರಿಯಾಗೆ ಹೇಳಿದ.

ಅವಳು ಕಪಾಟು ತೆರೆದಳು. ಊರಿನ ಕನ್ನಡದ ಮನೆಗಳಲ್ಲಿ ಅರಿಶಿನ-ಕುಂಕುಮಕ್ಕೆ ಕೊಟ್ಟ ಜಂಪರ್ ಪೀಸುಗಳು ರಾಶಿ ಬಿದ್ದಿದ್ದವು. ಅವುಗಳಿಂದ ಯಾರೂ ರವಿಕೆ ಹೊಲಿಸಿದ್ದಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟಿಸುವುದೇ ಕೆಲಸ. ಅದರಲ್ಲೊಂದು ಗುಲಾಬಿಯದು ಅವಳಿಗೇ ಎರಡು ಸಲ ವಾಪಸ್ ಬಂದಿತ್ತು.

ಅದನ್ನೂ ಇನ್ನೊಂದು ಹಸಿರು ಪೀಸನ್ನೂ ಪರ್ರನೆ ಪಟ್ಟಿ ಪಟ್ಟಿಯಾಗಿ ಹರಿದಳು. "ಗುಲಾಬಿ ಇಪ್ಪತ್ತು ಗಜಕ್ಕ ಕಟ್ಟೂಣು, ಹಸಿರು ಮೂವತ್ತಕ್ಕ. ಹಸಿರಿನ ಆಚೆ ಇದ್ದದ್ದು ನಿಮ್ದಲ್ಲ, ತಿಳೀತಿಲ್ರಿ?"

ಶನಿವಾರ ಕೇಶವ್‌ನ ಜಮೀನಿನ ಅಂಚಿನ ಕಾಡಿನಲ್ಲಿ ಅಡಗಿ ಕೂರುವ ಬೇಟೆಯ ಡೇರೆ ಹಾಕಿ, ಅಲ್ಲಿಂದ ಟೇಪು ಹಿಡಿದು ಅಳೆದು, ಸುತ್ತಲ ಮರಗಳಿಗೆ ಪಟ್ಟಿ ಕಟ್ಟಿದರು. ಭಾನುವಾರ ಬೆಳಿಗ್ಗೆ ಆ ಡೇರೆಯಲ್ಲಿ, ಬೇಟೆಯನ್ನು ಎಂದೂ ಮೆಚ್ಚದ ಭಾನುಪ್ರಿಯಾ ಗಂಡನ ಬಲಕ್ಕೆ, ಅವನಿಗೆ ಕಾಣದ ಕಡೆ ಕೂತಳು.

ಏಳೂವರೆಗೆ ಭಾರೀ ಕೊಂಬಿನ ಗಂಡು ಬಂತು. ಇಲ್ಲೇ, ಕೈಗೆಟುಕುವಂತೆ ಇದೆ ಎಂದಿತು ಕಲ್ಮೇಶನ ಕಣ್ಣು. ಬೆರಳು ಟ್ರಿಗರಿಗೆ ಹೋಯಿತು. ಆಗ ಗಾಳಿಗೆ ಹಸಿರು ಪಟ್ಟಿಯ ತುದಿ ಜಿಂಕೆಯ ಎದೆಯ ಮುಂದೆ ಅಲ್ಲಾಡಿತು. ಅಂದರೆ ಜಿಂಕೆ ಪಟ್ಟಿಯ ಆಚೆಗಿದೆ. ಅವನು ಕ್ರಾಸ್‌ಬೋ ಇಳಿಸಿದ. ಗಂಡು ನಿಧಾನವಾಗಿ ಹೊರಟುಹೋಯಿತು.

ಬೇಟೆ ಕೈತಪ್ಪಿದರೂ ಅವನಿಗೆ ಬೇಸರವಾಗಲಿಲ್ಲ. ಸುಳ್ಳು ಹೇಳಿದ ಕಣ್ಣನ್ನು ಮೊದಲ ಸಲ ಹಿಡಿದಿದ್ದ, ಅದೇ ಅವನಿಗೆ ಖುಷಿ.

ಅರ್ಧ ಗಂಟೆಯ ಮೇಲೆ ಭಾನುಪ್ರಿಯಾಳ ಬೆರಳು ಅವನ ಬಲಮೊಣಕಾಲನ್ನು ಒತ್ತಿತು. ಮೆಲ್ಲನೆ ತಿರುಗಿದ. ಹೆಣ್ಣು ಜಿಂಕೆಯೊಂದು ನಡೆದುಬಂದು ಗುಲಾಬಿ ಪಟ್ಟಿಯನ್ನು ತನ್ನ ಮೈಯಿಂದ ಮರೆಮಾಡಿ ನಿಂತಿತು. ಪಟ್ಟಿಗಿಂತ ಈಚೆಗೆ! ಅವನು ಉಸಿರು ಹಿಡಿದು ಬಾಣ ಬಿಟ್ಟ. ಜಿಂಕೆ ಮೂವತ್ತು ಹೆಜ್ಜೆ ಓಡಿ, ಬಿದ್ದು, ಅಲ್ಲೇ ತಣ್ಣಗಾಯಿತು.

ಕಲ್ಮೇಶ ಅದರ ಪಕ್ಕದಲ್ಲಿ ಮೊಣಕಾಲೂರಿ ಅತ್ತ. ಕಾಣದ ಕಣ್ಣಿನಿಂದಲೂ ನೀರು ಬಂತು.

"ಸಾಕೇಳ್ರಿ, ಇನ್ನ ಎಳಕೊಂಡು ಹೋಗೂದದ," ಎನ್ನುತ್ತ ಭಾನುಪ್ರಿಯಾ ಗುಲಾಬಿ ಪಟ್ಟಿಯ ಗಂಟಿಗೆ ಕೈ ಹಾಕಿದಳು.

"ಏ, ಬಿಚ್ಚಬ್ಯಾಡ," ಎಂದ ಕಲ್ಮೇಶ. "ಮುಂದಿನ ವರ್ಷಾನೂ ಬೇಕಾಗ್ತದ."